ಮಗಳ ದವಡೆ ಹಲ್ಲಿಗೆ ಸೀಲೆಂಟ್ ಹಾಕಿಸಿದ್ದು, ಕಾಸರಗೋಡು ಪೇಟೆಯ ಒಂದು ಮಕ್ಕಳ ಹಲ್ಲಿನ ಕ್ಲಿನಿಕ್

ಡಾಕ್ಟ್ರ ಕೆಲಸಕ್ಕೆ ಐದು ಸ್ಟಾರ್, ರಿಸೆಪ್ಷನ್ನಿಗೆ ಎರಡು ಅಂತ ಇಟ್ಕೊಳ್ಳಿ.

ಈ ಸೀಲೆಂಟ್ ಅಂದ್ರೆ ಎಂತದ್ದು ಅಂತ ಮೊದ್ಲು ಹೇಳ್ತೇನೆ, ಯಾಕಂದ್ರೆ ಬದಿಯಡ್ಕದ ನಮ್ಮ ಮನೆಯಲ್ಲೇ ಅತ್ತೆ "ಹಾಳಾಗದ ಹಲ್ಲಿಗೆ ಎಂತಕ್ಕೆ ದುಡ್ಡು ಸುರಿಯುದು" ಅಂತ ಕೇಳಿದ್ರು. ಆರು ವರ್ಷದ ಹೊತ್ತಿಗೆ ಹಾಲುಹಲ್ಲು ಯಾವುದೂ ಬೀಳದೆ ಅದರ ಹಿಂದೆ ಹೊಸ ದವಡೆ ಹಲ್ಲು ಬರ್ತದೆ, ಸುಮಾರು ಜನ ಅದನ್ನೂ ಹಾಲುಹಲ್ಲೇ ಅಂದ್ಕೊಂಡು ಬಿಟ್ಟುಬಿಡ್ತಾರೆ, ಆದ್ರೆ ಅದು ಹೋದ್ರೆ ಮತ್ತೆ ಬರುದಿಲ್ಲ. ಅದರ ಮೇಲಿನ ಗೀರುಗಳು ಎಷ್ಟು ಸಪೂರ ಅಂದ್ರೆ ಬ್ರಶ್ಶಿನ ನಾರು ಒಳಗೆ ಹೋಗುದೇ ಇಲ್ಲ, ಹಲಸಿನ ಬೆರಟಿ, ಬಿಸ್ಕೆಟ್ ಎಲ್ಲ ಅಲ್ಲೇ ಕೂತು ಹುಳುಕು ಶುರು. ಆ ಗೀರನ್ನು ತೆಳ್ಳಗೆ ರೆಸಿನ್ (ಪ್ಲಾಸ್ಟಿಕ್ಕಿನ ಹಾಗಿನ ಅಂಟು) ಹಾಕಿ ಮುಚ್ಚುದು, ಅಷ್ಟೇ. ಅಮೆರಿಕದ ಸರ್ಕಾರಿ ಆರೋಗ್ಯ ಸಂಸ್ಥೆ ಸಿಡಿಸಿಯ ಲೆಕ್ಕದಲ್ಲಿ ಹಿಂದಿನ ಹಲ್ಲಿನ ಹುಳುಕನ್ನು 2 ವರ್ಷದವರೆಗೆ ಶೇ. 80ರಷ್ಟು, 4 ವರ್ಷದವರೆಗೂ ಶೇ. 50ರಷ್ಟು ತಡೀತದೆ.

ಇಂಜೆಕ್ಷನ್, ಡ್ರಿಲ್ ಎಂತದೂ ಬೇಡ. ಹಲ್ಲು ಕ್ಲೀನ್ ಮಾಡಿ, ಕೆನ್ನೆ ಬದಿಗೆ ಹತ್ತಿ ಇಟ್ಟು, ಆಸಿಡ್ ಜೆಲ್ ಹಚ್ಚಿ ತೊಳ್ದು ಒಣಗಿಸ್ತಾರೆ, ಈ ಒಣಗಿಸುದೇ ದೊಡ್ಡ ಕೆಲಸ, ಎಂಜಲು ತಾಗಿದ್ರೆ ರೆಸಿನ್ ಹಿಡಿಯುದಿಲ್ಲ, ಬೇಗ ಕಳಚಿ ಹೋಗ್ತದೆ. ಸರಿಯಾಗಿ ಅಷ್ಟೊತ್ತಿಗೆ ಮಗಳು ನಾಲಗೆ ಹಾಕಿದ್ಳು. ಡಾಕ್ಟ್ರು ಮುಖ ಸಿಂಡರಿಸದೆ ಪುನಃ ಜೆಲ್ಲಿನಿಂದ ಶುರು ಮಾಡಿದ್ರು. ಕಡೆಗೆ ನೀಲಿ ಲೈಟು ಹಿಡಿದು ಗಟ್ಟಿ ಮಾಡಿದ್ರು. ಬಾಯಿ ಹುಳಿಹುಳಿ ಆಯ್ತು ಅಂತ ಒಂದೇ ಅವಳ ಕಂಪ್ಲೇಂಟ್.

ನಂಗೆ ನಂಬಿಕೆ ಬಂದದ್ದು ಬೇರೆ ವಿಷಯಕ್ಕೆ. ಮೇಲೆ ಕೆಳಗೆ ಸೇರಿ ನಾಲ್ಕು ಹೊಸ ದವಡೆ ಹಲ್ಲಿಗೂ ಹಾಕಿ ಬಿಲ್ ಮಾಡ್ಬಹುದಿತ್ತು, ಆದ್ರೆ ಮೇಲಿನ ಒಂದು ಹಲ್ಲಿನ ಹಿಂಬದಿ ಇನ್ನೂ ವಸಡಿನ ಅಡಿಯಲ್ಲಿ ಉಂಟು, ಅಲ್ಲಿ ಒಣಗಿಸ್ಲಿಕ್ಕೆ ಆಗುದಿಲ್ಲ, ಪೂರ್ತಿ ಬಂದ ಮೇಲೆ ಕರ್ಕೊಂಡು ಬನ್ನಿ ಅಂದ್ರು. ಎರಡು ಹಲ್ಲಿನ ಎಡೆಯ ಹುಳುಕಿಗೆ ಇದ್ರಿಂದ ಪ್ರಯೋಜನ ಇಲ್ಲ, ಬ್ರಶ್ ತಪ್ಪಿಸ್ಬೇಡಿ, ಸೀಲೆಂಟ್ ಎಲ್ಲಾದ್ರೂ ಎದ್ದಿದ್ಯಾ ಅಂತ ಆರು ತಿಂಗ್ಳಿಗೊಮ್ಮೆ ತೋರಿಸಿ ಅಂತಲೂ ಹೇಳಿದ್ರು.

ಇನ್ನು ರಿಸೆಪ್ಷನ್. ಫೋನಲ್ಲಿ ಟೋಕನ್ ತಗೊಂಡು ಹೋದ್ರೂ ಕಾಯುದು ತಪ್ಪಲಿಲ್ಲ. ಸಹಿ ಹಾಕುವ ಫಾರ್ಮ್ ಮಲಯಾಳ, ಇಂಗ್ಲಿಷಲ್ಲಿ ಮಾತ್ರ. ಕುಂಬಳೆ, ಮಂಜೇಶ್ವರ ಕಡೆಯಿಂದ ಇಷ್ಟು ಕನ್ನಡದವ್ರು ಬರುವಾಗ ಒಂದು ಕನ್ನಡ ಫಾರ್ಮ್ ಪ್ರಿಂಟ್ ಹಾಕ್ಸಿಡ್ಲಿಕ್ಕೆ ಎಂತ ಕಷ್ಟ ಮಾರಾಯ್ರೆ? ಪುಣ್ಯಕ್ಕೆ ಡಾಕ್ಟ್ರಿಗೆ ತುಳು ಬರ್ತದೆ. ರೇಟಿನ ಬೋರ್ಡ್ ಇಲ್ಲ, ಮೊದ್ಲೇ ಕೇಳ್ಕೊಳ್ಳಿ, ನಮಗೆ ಒಂದು ಹಲ್ಲಿಗೆ ಹುಳುಕು ತುಂಬಿಸುದಕ್ಕಿಂತ ಕಡಿಮೆಯೇ ಆಯ್ತು. ಶನಿವಾರ ವಿಪರೀತ ರಶ್, ಶಾಲೆಗೆ ಒಂದು ದಿನ ರಜೆ ಹಾಕಿದ್ರೂ ಸರಿ, ವಾರದ ಮಧ್ಯೆ ಹೋಗಿ.