ಗೇದಲೋನ್: ಇನ್ನೂ ಕಟ್ಟುತ್ತಿರುವ ಕೋಟೆಯಲ್ಲಿ ಒಂದು ದಿನ

ಬೀದರ್ ಕೋಟೆಯ ಕಂದಕದ ದಂಡೆಯಲ್ಲಿ ನಿಂತಾಗಲೆಲ್ಲ, ಬಂಡೆಯನ್ನೇ ಕಡಿದು ಮಾಡಿದ ಆ ಮೂರು ಸಾಲು ಕಂದಕಗಳನ್ನು ಯಾವ ಹತಾರದಿಂದ ಕಡಿದರು, ಇಷ್ಟು ದೊಡ್ಡ ಕಲ್ಲುಗಳನ್ನು ಬುರುಜಿನ ತುದಿಗೆ ಹೇಗೆ ಏರಿಸಿದರು ಎಂಬ ಪ್ರಶ್ನೆ ನನ್ನನ್ನು ಕಾಡುತ್ತಿತ್ತು. ಗೌಂಡಿ ಕೆಲಸ ಮಾಡುತ್ತಿದ್ದ ನಮ್ಮ ತಂದೆಯವರಿಗೂ ಅದೇ ಕುತೂಹಲವಿತ್ತು. ಪ್ಯಾರಿಸ್ಸಿನಲ್ಲಿ ನೌಕರಿಯಲ್ಲಿರುವ ಅಣ್ಣನ ಮಗ ಕಳೆದ ಜೂನ್ ತಿಂಗಳಲ್ಲಿ ನನ್ನನ್ನು ಕರೆಸಿಕೊಂಡಾಗ, ಅರಮನೆಗಳನ್ನೆಲ್ಲ ಆಮೇಲೆ ನೋಡಿದರಾಯಿತೆಂದು, “ಕಾಕಾ, ನಿಮಗ ಕೋಟಿ ಕಟ್ಟೋದೇ ತೋರಸ್ತೀನಿ, ನಡೀರಿ” ಎನ್ನುತ್ತ ಬರ್ಗಂಡಿ ಪ್ರಾಂತದ ಗೇದಲೋನಿಗೆ ಕರೆದೊಯ್ದನು.

ಯೋನ್ ಜಿಲ್ಲೆಯ ತ್ರೇನ್ಯೀ ಊರಿನ ಬಳಿಯ ಕಾಡಿನೊಳಗೆ, ಪಾಳುಬಿದ್ದಿದ್ದ ಕಲ್ಲುಗಣಿಯೊಂದರಲ್ಲಿ, 1997ರಲ್ಲಿ ಈ ಕೋಟೆಯ ಕೆಲಸ ಆರಂಭವಾಯಿತು. ಸಮೀಪದ ಸೇಂ-ಫಾರ್ಜೋ ಕೋಟೆಯ ಒಡೆಯರಾದ ಮಿಶೆಲ್ ಗೀಯೋ ಮತ್ತು ಅವರ ಜೊತೆಗೂಡಿದ ಮಾರಿಲೀನ್ ಮಾರ್ತಾಂ ಹಾಕಿಕೊಂಡ ಕಟ್ಟಳೆಯೆಂದರೆ, 13ನೇ ಶತಮಾನದ ವಿಧಾನದಲ್ಲಿಯೇ ಕಟ್ಟಬೇಕು ಎಂಬುದು. ಅವರು ಹೆಣೆದುಕೊಂಡ ಕಲ್ಪನೆಯ ಕಥೆಯ ಲೆಕ್ಕದಲ್ಲಿ ಈ ಕೋಟೆಗೆ ಬುನಾದಿ ಬಿದ್ದದ್ದು 1228ರಲ್ಲಿ. ಕಲ್ಲು, ಓಕ್ ಮರ, ಜೇಡಿಮಣ್ಣು, ಮರಳು, ನೀರು ಎಲ್ಲವೂ ಆ ಕಾಡಿನಲ್ಲಿಯೇ ದೊರೆಯುತ್ತವೆ. ಕಣ್ಣಿಗೆ ಹಾಕಿಕೊಳ್ಳುವ ರಕ್ಷಣೆಯ ಕನ್ನಡಕದಂಥ ಕೆಲವನ್ನು ಮಾತ್ರ ಕೆಲಸಗಾರರ ಸುರಕ್ಷತೆಗಾಗಿ ಇಂದಿನ ಕಾಲದಿಂದ ತೆಗೆದುಕೊಂಡಿದ್ದಾರೆ. ಅದು ಸರಿಯಾದ ನಿರ್ಧಾರವೇ.

ನನ್ನನ್ನು ಮೊದಲು ಹಿಡಿದು ನಿಲ್ಲಿಸಿದ್ದು 13 ಗಂಟುಗಳ ಒಂದು ಹಗ್ಗ. ಗಂಟುಗಳ ನಡುವೆ 12 ಸಮನಾದ ಅಂತರಗಳಿರುತ್ತವೆ. ಅವನ್ನು 3, 4, 5 ಎಂದು ಮೂರು ಬದಿಗಳಾಗಿ ಬಿಗಿದು ಹಿಡಿದರೆ ನೆಲದ ಮೇಲೆ ಸರಿಯಾದ ಮೂಲೆಮಟ್ಟ, ಎಂದರೆ ಲಂಬಕೋನ, ಮೂಡುತ್ತದೆ. ನಮ್ಮ ತಂದೆಯವರು ಬುನಾದಿ ಗುರುತು ಮಾಡುವಾಗ ಸುಣ್ಣದ ಪುಡಿ ಹಾಕಿ, 3 ಅಡಿ, 4 ಅಡಿ ಅಳೆದು, ಅಡ್ಡಕ್ಕೆ 5 ಅಡಿ ಬಂದಮೇಲೆಯೇ ಗುದ್ದಲಿ ಎತ್ತಲು ಹೇಳುತ್ತಿದ್ದರು. ಅಲ್ಲಿನ ಗೌಂಡಿಗೆ ಅಣ್ಣನ ಮಗನ ಮೂಲಕ ಈ ಮಾತನ್ನು ಹೇಳಿಸಿದಾಗ, ಅವರು ಹಗ್ಗದ ಒಂದು ತುದಿಯನ್ನು ನನ್ನ ಕೈಗೇ ಕೊಟ್ಟರು.

ಕಲ್ಲು ಏರಿಸುವ ಯಂತ್ರವನ್ನು ಫ್ರೆಂಚರು ಅಳಿಲಿನ ಪಂಜರ ಎನ್ನುತ್ತಾರೆ. ಆಳೆತ್ತರಕ್ಕಿಂತ ದೊಡ್ಡದಾದ ಮರದ ಚಕ್ರದೊಳಗೆ ಮನುಷ್ಯರು ನಡೆಯುತ್ತ ಹೋದಂತೆ ಅಚ್ಚಿಗೆ ಹಗ್ಗ ಸುತ್ತಿಕೊಂಡು, ಭಾರವಾದ ಕಲ್ಲು ಸದ್ದಿಲ್ಲದೆ ಮೇಲೇರುತ್ತದೆ. ಚಕ್ರ ದೊಡ್ಡದಾಗಿದ್ದು ಅಚ್ಚು ಸಣ್ಣದಾಗಿರುವುದರಿಂದ ನಡೆಯುವವನ ತೂಕಕ್ಕೆ ಹಲವು ಪಟ್ಟು ಬಲ ಬರುತ್ತದೆ. ನಾನು ಅದರ ಮುಂದೆ ಒಂದು ಗಂಟೆಗೂ ಹೆಚ್ಚು ಹೊತ್ತು ನಿಂತಿದ್ದೆ. ಬೀದರಿನಲ್ಲಿ ಇದೇ ಯಂತ್ರವಿತ್ತೆಂದು ನಾನು ಹೇಳುವುದಿಲ್ಲ, ಆದರೆ ನನ್ನ ಪ್ರಶ್ನೆಗೆ ಕಣ್ಣೆದುರಿಗೆ ಒಂದು ಉತ್ತರವಾದರೂ ಸಿಕ್ಕಿತು.

ಇಲ್ಲಿನ ಮರಳುಗಲ್ಲಿನಲ್ಲಿ ಕಬ್ಬಿಣದ ಅಂಶವಿರುವುದರಿಂದ ಗೋಡೆಗಳಿಗೆ ತುಕ್ಕಿನ ಬಣ್ಣವಿದೆ, ಅದನ್ನು ಕಂಡು ನಮ್ಮ ಕೆಂಪುಗಲ್ಲು ನೆನಪಾಯಿತು. ಕಲ್ಲುಗಳ ನಡುವೆ ಸುಣ್ಣದ ಗಾರೆಯೇ ಹೊರತು ಸಿಮೆಂಟಿಲ್ಲ. ಸುಣ್ಣ ನಿಧಾನವಾಗಿ ಗಟ್ಟಿಯಾಗುತ್ತದೆ, ಒಳಗಿನ ತೇವವನ್ನು ಹೊರಗೆ ಬಿಡುತ್ತದೆ. ನೀರು ಹೀರುವ ಕೆಂಪುಗಲ್ಲಿಗೆ ಸಿಮೆಂಟ್ ಬಳಿದರೆ ಆ ತೇವ ಒಳಗೇ ಉಳಿದು ಕಲ್ಲು ಉದುರತೊಡಗುತ್ತದೆ. ನಮ್ಮ ಕಡೆಯ ಹಳೆಯ ಗೋಡೆಗಳಿಗೆ ಸಿಮೆಂಟ್ ಮೆತ್ತಿದ್ದನ್ನು ಎಷ್ಟೋ ಊರುಗಳಲ್ಲಿ ನೋಡಿ ಮನಸ್ಸು ಕಹಿಯಾಗಿದೆ. ಇಲ್ಲಿ ಕಲಿತದ್ದು ಇಲ್ಲಿಗೇ ಮುಗಿಯುವುದಿಲ್ಲ: 2019ರಲ್ಲಿ ಬೆಂಕಿಗೆ ತುತ್ತಾದ ಪ್ಯಾರಿಸ್ಸಿನ ನೋತ್ರ್ ದಾಮ್ ಚರ್ಚಿನ ಓಕ್ ಚಾವಣಿಯನ್ನು ಮತ್ತೆ ಕಟ್ಟಿದವರಲ್ಲಿ ಗೇದಲೋನಿನಲ್ಲಿ ಕೊಡಲಿ ಹಿಡಿದ ಬಡಿಗರೂ ಇದ್ದರು.

ಹೋಗುವವರಿಗೆ ಕೆಲವು ಮಾತು. ಪ್ಯಾರಿಸ್ಸಿನಿಂದ ಕಾರಿನಲ್ಲಿ ಎರಡು ಗಂಟೆಗಿಂತ ತುಸು ಹೆಚ್ಚು ಹಿಡಿಯುತ್ತದೆ, ಸ್ವಂತ ವಾಹನವಿಲ್ಲದೆ ತಲುಪುವುದು ಕಷ್ಟ. ಚಳಿಗಾಲದಲ್ಲಿ ಪ್ರವೇಶವಿರುವುದಿಲ್ಲ, ಏಕೆಂದರೆ ಹಿಮಗಟ್ಟುವ ಚಳಿಯಲ್ಲಿ ಸುಣ್ಣದ ಗಾರೆ ನಿಲ್ಲದು. ಟಿಕೆಟ್ಟಿನ ಹಣದಿಂದಲೇ ಕೆಲಸ ಸಾಗುವುದರಿಂದ ಕೊಟ್ಟ ದುಡ್ಡು ಗೋಡೆಗೇ ಹೋಗುತ್ತದೆ. ಫ್ರೆಂಚ್ ಬಲ್ಲವರೊಬ್ಬರು ಜೊತೆಗಿದ್ದರೆ ಅನುಭವ ದುಪ್ಪಟ್ಟಾಗುತ್ತದೆ, ಏಕೆಂದರೆ ಕಮ್ಮಾರ, ಕುಂಬಾರ, ಹಗ್ಗ ಹೊಸೆಯುವವರು ಎಲ್ಲರೂ ಕೈಯ ಕೆಲಸ ನಿಲ್ಲಿಸಿ ಕೇಳಿದ್ದಕ್ಕೆ ಉತ್ತರ ಕೊಡುತ್ತಾರೆ. ಅರ್ಧ ದಿನದಲ್ಲಿ ನೋಡಿ ಮುಗಿಸುತ್ತೇನೆ ಎನ್ನುವವರು ಹೋಗದಿರುವುದೇ ಒಳಿತು.

ಸಂಜೆ ಹೊರಡುವ ಹೊತ್ತಿಗೆ ಗೌಂಡಿಯೊಬ್ಬರು ಅಂದು ಕಟ್ಟಿದ ಸಾಲಿನ ಮೇಲೆ ಒದ್ದೆ ಗೋಣಿತಟ್ಟನ್ನು ಹೊದಿಸಿ, ಅಂಚುಗಳನ್ನು ಕೈಯಿಂದ ಒತ್ತುತ್ತಿದ್ದರು. ನಮ್ಮ ತಂದೆಯವರೂ ಹಾಗೆಯೇ ಮಾಡುತ್ತಿದ್ದರು. ಅಣ್ಣನ ಮಗ ಕಾರಿನ ಬಳಿಯಿಂದ ಎರಡು ಸಲ ಕರೆದ ಮೇಲೆ ನಾನು ಅಲ್ಲಿಂದ ಕದಲಿದೆ.