ಸ್ಪಂಜ್, ಕ್ಯಾನಿಸ್ಟರ್, ಟ್ರಿಕಲ್: ಫಿಲ್ಟರ್ ಒಳಗೆ ಆಮ್ಲಜನಕ ತಿನ್ನುವವರು ಯಾರು?

200 ಲೀಟರ್ ತೊಟ್ಟಿಯಲ್ಲಿ ಗೋಲ್ಡ್‌ಫಿಶ್, ದಿನಕ್ಕೆ 5 ಗ್ರಾಂ ಆಹಾರ. ಈ ಮೂರು ಫಿಲ್ಟರ್‌ಗಳನ್ನು ಇದೇ ಹೊರೆಗೆ ಹಚ್ಚಿ ನೋಡಿದರೆ ಅಮೋನಿಯಾ ಟೆಸ್ಟಿನಲ್ಲಿ ವ್ಯತ್ಯಾಸ ಕಾಣುವುದಿಲ್ಲ. ಮೂರೂ ಸೊನ್ನೆ ತೋರಿಸುತ್ತವೆ. ಅದು ಗೊತ್ತಾಗುವುದು ಫಿಲ್ಟರ್ ಒಳಗೆ ಗಸಿ (ಮೀನಿನ ಹೊಲಸು, ಉಳಿದ ಆಹಾರ) ತುಂಬಿದಾಗ, ಇಲ್ಲವೇ ಕರೆಂಟ್ ಹೋದಾಗ.

ಮೊದಲು ಲೆಕ್ಕ ನೋಡೋಣ. ಆಹಾರದಲ್ಲಿ ಶೇ. 40 ಪ್ರೋಟೀನ್ ಇದ್ದರೆ 5 ಗ್ರಾಮಿನಲ್ಲಿ 2 ಗ್ರಾಂ ಪ್ರೋಟೀನ್, ಅದರಲ್ಲಿ 0.32 ಗ್ರಾಂ ಸಾರಜನಕ. ಸುಮಾರು 0.2 ಗ್ರಾಂ ಅಮೋನಿಯಾ ರೂಪದಲ್ಲಿ ನೀರಿಗೆ ಬರುತ್ತದೆ. ಒಂದು ಗ್ರಾಂ ಅಮೋನಿಯಾ-ಸಾರಜನಕ ನೈಟ್ರೇಟ್ ಆಗಲು 4.57 ಗ್ರಾಂ ಆಮ್ಲಜನಕ ಬೇಕು. ಅಂದರೆ ದಿನಕ್ಕೆ 0.9 ಗ್ರಾಂ, ಗಂಟೆಗೆ 38 ಮಿಲಿಗ್ರಾಂ. 28 ಡಿಗ್ರಿಯಲ್ಲಿ ನೀರು ಹಿಡಿದುಕೊಳ್ಳುವುದು ಲೀಟರಿಗೆ ಹೆಚ್ಚೆಂದರೆ 7.8 ಮಿಲಿಗ್ರಾಂ. ಗಂಟೆಗೆ 400 ಲೀಟರ್ ಹರಿದರೆ ಫಿಲ್ಟರ್ ಒಳಗೆ 3 ಗ್ರಾಂ ಹೋಗುತ್ತದೆ. ಅಮೋನಿಯಾವನ್ನು ನೈಟ್ರೇಟ್ ಮಾಡುವ ನೈಟ್ರಿಫೈಯಿಂಗ್ ಬ್ಯಾಕ್ಟೀರಿಯಾ ಅದರಲ್ಲಿ ತಿನ್ನುವುದು ನೂರರಲ್ಲಿ ಒಂದು ಪಾಲು, ಅಷ್ಟೇ.

ಉಳಿದದ್ದಕ್ಕೆ ಬಾಯಿ ಹಾಕುವುದು ಗಸಿ ಕೊಳೆಸುವ ಬ್ಯಾಕ್ಟೀರಿಯಾ. ಇವು ನೈಟ್ರಿಫೈಯಿಂಗ್ ಬ್ಯಾಕ್ಟೀರಿಯಾಗಿಂತ ಬಹಳ ಬೇಗ ಬೆಳೆಯುತ್ತವೆ, ಫಿಲ್ಟರ್ ಒಳಗೆ ಬ್ಯಾಕ್ಟೀರಿಯಾ ಕೂರುವ ಲೋಳೆಯ ಮೇಲ್ಪದರವನ್ನೇ ಆಕ್ರಮಿಸಿಕೊಳ್ಳುತ್ತವೆ. ನೈಟ್ರೋಸ್ಪೈರಾದಂಥ ನೈಟ್ರಿಫೈಯಿಂಗ್ ಬ್ಯಾಕ್ಟೀರಿಯಾ ಅಡಿಯಲ್ಲಿ ಉಸಿರುಕಟ್ಟಿ ಕೂರುತ್ತವೆ. (ಅಮೋನಿಯಾ ನೈಟ್ರೇಟ್ ಆಗುವ ನಡುವೆ ಬರುವ ನೈಟ್ರೈಟನ್ನು ಸಿಹಿನೀರಿನ ತೊಟ್ಟಿಯಲ್ಲಿ ತಿನ್ನುವುದು ಮುಖ್ಯವಾಗಿ ನೈಟ್ರೋಸ್ಪೈರಾ. ಅಂಗಡಿಯ ಬ್ಯಾಕ್ಟೀರಿಯಾ ಬಾಟಲಿ ಮೇಲೆ ನೈಟ್ರೋಬ್ಯಾಕ್ಟರ್ ಎಂದು ಬರೆದಿದ್ದರೆ ಹಿಗ್ಗಬೇಕಾಗಿಲ್ಲ.)

ಕ್ಯಾನಿಸ್ಟರ್ ಪೆಟ್ಟು ತಿನ್ನುವುದು ಇಲ್ಲೇ. ಮುಚ್ಚಿದ ಡಬ್ಬಿ ಅದು. ನೀರು ತರುವ ಆಮ್ಲಜನಕ ಬಿಟ್ಟರೆ ಬೇರೆ ದಾರಿ ಇಲ್ಲ. ಡಬ್ಬಿಯಲ್ಲಿ 6 ಲೀಟರ್ ನೀರಿದ್ದರೆ ಅದರಲ್ಲಿರುವುದು 45 ಮಿಲಿಗ್ರಾಂ. ಗಂಟೆಗೆ 38ರ ಲೆಕ್ಕದಲ್ಲಿ ಒಂದು ಗಂಟೆಯ ಸ್ವಲ್ಪ ಮೇಲೆ ಖಾಲಿ, ಗಸಿ ಇದ್ದರೆ ಇನ್ನೂ ಬೇಗ. ಬೇಸಿಗೆಯ ಲೋಡ್ ಶೆಡ್ಡಿಂಗಿನಲ್ಲಿ ನಾಲ್ಕೈದು ಗಂಟೆ ನಿಂತಿದ್ದ ಕ್ಯಾನಿಸ್ಟರನ್ನು ಹಾಗೇ ಚಾಲೂ ಮಾಡಬೇಡಿ. ಮುಚ್ಚಳ ತೆಗೆದು ಮೂಸಿ ನೋಡಿ. ಕೊಳೆತ ಮೊಟ್ಟೆಯ ವಾಸನೆ ಬಂದರೆ ಆ ನೀರು ಪೂರ್ತಿ ಚೆಲ್ಲಿ, ಮೀಡಿಯಾವನ್ನು (ಬ್ಯಾಕ್ಟೀರಿಯಾ ಅಂಟಿ ಕೂರುವ ಒಳಗಿನ ಸಾಮಗ್ರಿ) ತೊಟ್ಟಿಯ ನೀರಿನಲ್ಲೇ ಅಲುಗಿಸಿ ತೊಳೆದು ಹಾಕಿ. ನಲ್ಲಿ ನೀರು ಬೇಡ, ಕ್ಲೋರಿನ್ ಇರುತ್ತದೆ.

ಗಸಿ ಎಷ್ಟಿದೆ ಎಂದು ತಿಳಿಯಲು ಡಬ್ಬಿ ಬಿಚ್ಚಬೇಕಾಗಿಲ್ಲ. ಔಟ್‌ಲೆಟ್ ಪೈಪನ್ನು ತೊಟ್ಟಿಯ ನೀರಿನ ಮಟ್ಟದಲ್ಲೇ ಹಿಡಿದು 10 ಲೀಟರ್ ಬಕೆಟ್ ತುಂಬಿಸಿ. 90 ಸೆಕೆಂಡ್ ಹಿಡಿದರೆ ಗಂಟೆಗೆ 400 ಲೀಟರ್. ಪೆಟ್ಟಿಗೆ ಮೇಲೆ ಬರೆದ ಅಂಕಿ ಮೀಡಿಯಾ ತುಂಬಿದ ಮೇಲೆ ಸಿಗುವುದಿಲ್ಲ. ಆಮೇಲೆ ತೊಟ್ಟಿಯ ನೀರಿನಲ್ಲೂ ಔಟ್‌ಲೆಟ್ ಬಾಯಲ್ಲೂ ಕರಗಿದ ಆಮ್ಲಜನಕ ಅಳೆಯಿರಿ. ಬರೀ ಅಮೋನಿಯಾ ಕೆಲಸವಾದರೆ ವ್ಯತ್ಯಾಸ ಲೀಟರಿಗೆ 0.1 ಮಿಲಿಗ್ರಾಂ ಮಾತ್ರ, ಮೀಟರಿಗೆ ಸಿಗುವುದೇ ಕಷ್ಟ. 1 ಮಿಲಿಗ್ರಾಂ ಬಂತೋ, ಹತ್ತರಲ್ಲಿ ಒಂಬತ್ತು ಪಾಲು ಗಸಿಯ ಊಟ. ಇನ್‌ಟೇಕ್‌ಗೆ ಸ್ಪಂಜ್ ಸಿಕ್ಕಿಸಿ ವಾರಕ್ಕೊಮ್ಮೆ ಅದನ್ನಷ್ಟೇ ಹಿಂಡಿದರೆ ಒಳಗಿನದು ಬಹಳ ದಿನ ಚೊಕ್ಕವಾಗಿರುತ್ತದೆ.

ಏರ್ ಪಂಪಿನ ಸ್ಪಂಜ್ ಫಿಲ್ಟರ್ ನೋಡಲು ಅಂದವಿಲ್ಲ, ತೊಟ್ಟಿಯಲ್ಲಿ ಜಾಗವನ್ನೂ ತಿನ್ನುತ್ತದೆ. ಆದರೆ ಏಳುವ ಗುಳ್ಳೆ ನೀರನ್ನೂ ಎಳೆಯುತ್ತದೆ, ಮೇಲ್ಮೈಯನ್ನೂ ಕದಡುತ್ತದೆ. ಕರೆಂಟ್ ಹೋದರೂ ಅದು ತೊಟ್ಟಿಯ ನೀರಿನಲ್ಲೇ ನೆನೆದಿರುವುದರಿಂದ ಡಬ್ಬಿಯಂತೆ ಉಸಿರುಕಟ್ಟುವುದಿಲ್ಲ, ಪವರ್ ಬ್ಯಾಂಕಿನ ಯುಎಸ್‌ಬಿ ಪಂಪ್ ಸಾಕು. ಒಂದು ದೊಡ್ಡದರ ಬದಲು ಎರಡು ಇಡಿ. ಎರಡನ್ನೂ ಒಂದೇ ದಿನ ಹಿಂಡಬೇಡಿ.

ಟ್ರಿಕಲ್ ಫಿಲ್ಟರಿನಲ್ಲಿ ಬಯೋ ಬಾಲ್ (ಮೀಡಿಯಾ ಆಗಿ ತುಂಬುವ ಪ್ಲಾಸ್ಟಿಕ್ ಚೆಂಡು) ಗಾಳಿಯಲ್ಲೇ ಇರುತ್ತದೆ, ನೀರು ತೆಳ್ಳಗೆ ಜಾರುತ್ತದೆ. ಆಮ್ಲಜನಕದ ಮಟ್ಟಿಗೆ ಉಳಿದೆರಡೂ ಇದನ್ನು ಮೀರಿಸುವುದಿಲ್ಲ. ಪಂಪ್ ನಿಂತರೂ ಒದ್ದೆ ಮೀಡಿಯಾ ಗಾಳಿ ಕುಡಿಯುತ್ತಲೇ ಇರುತ್ತದೆ. ಅಪಾಯ ನೆಲಕ್ಕೆ: ಪಂಪ್ ನಿಂತಾಗ ಮೇಲಿನ ನೀರು ಸಂಪ್‌ಗೆ (ಕೆಳಗಿನ ತೊಟ್ಟಿಗೆ) ಇಳಿದು ಉಕ್ಕುತ್ತದೆ. ಮೀನು ಬಿಡುವ ಮೊದಲೇ ಪ್ಲಗ್ ಕಿತ್ತು ನೋಡಿ, ಉಕ್ಕದಂಥ ಮಟ್ಟಕ್ಕೆ ಮಾರ್ಕರಿನಲ್ಲಿ ಗೆರೆ ಎಳೆಯಿರಿ. ರಿಟರ್ನ್ ಪೈಪಿಗೆ ನೀರಿನ ಮಟ್ಟದ ಸ್ವಲ್ಪ ಕೆಳಗೆ ತೂತು ಕೊರೆಯಿರಿ, ಹಿಂದಕ್ಕೆಳೆತ ಅಲ್ಲೇ ಮುರಿಯುತ್ತದೆ. ಗಿಡಕ್ಕೆ ಕಾರ್ಬನ್ ಡೈಆಕ್ಸೈಡ್ ಬಿಡುವವರಿಗೆ ಇದು ಬೇಡ, ಬಿಟ್ಟ ಗ್ಯಾಸ್ ಹಾರಿಹೋಗುತ್ತದೆ.

ಸೆರಾಮಿಕ್ ಮೀಡಿಯಾದ ಒಳರಂಧ್ರದ ಬ್ಯಾಕ್ಟೀರಿಯಾ ನೈಟ್ರೇಟ್ ಒಡೆದು ಆಮ್ಲಜನಕ ಬಿಡುತ್ತದೆ ಎಂಬ ಮಾತು ಅಂಗಡಿಗಳಲ್ಲಿ ಓಡಾಡುತ್ತದೆ. ನೈಟ್ರೇಟಿನ ಆಮ್ಲಜನಕವನ್ನು ಅವು ತಮ್ಮ ಉಸಿರಾಟಕ್ಕೇ ಬಳಸಿಕೊಳ್ಳುತ್ತವೆ. ಹೊರಗೆ ಬರುವುದು ಸಾರಜನಕ. ತೊಟ್ಟಿಯಲ್ಲಿ ಲೆಕ್ಕಕ್ಕೆ ಸಿಗುವಷ್ಟು ಆಮ್ಲಜನಕ ಬಿಡುವ ಬ್ಯಾಕ್ಟೀರಿಯಾ ಒಂದೇ, ಜಲ್ಲಿ ಮೇಲೆ ಹಾಳೆಯಂತೆ ಏಳುವ ನೀಲಿ-ಹಸಿರು ಲೋಳೆ. ಅದೂ ಬೆಳಕಿದ್ದಾಗ ಮಾತ್ರ, ರಾತ್ರಿ ಅದೇ ತಿನ್ನುತ್ತದೆ.