ಆನ್‌ಲೈನ್‌ನಲ್ಲಿ 'ಸ್ಟಾಕ್ ಇದೆ' ಅಂತ ತೋರ್ಸಿದ್ರೆ ನಂಬ್ಕೊಂಡು ಅಂಗಡಿಗೆ ಓಡ್ಬೇಡಿ

ಪೂರ್ತಿ ಓದಿ ದಯವಿಟ್ಟು, ನನಗಾದ ಅವಮಾನ ಇನ್ನೊಬ್ರಿಗೆ ಆಗ್ಬಾರ್ದು. ಲ್ಯಾಪ್‌ಟಾಪ್ ಚಾರ್ಜರ್ ಸುಟ್ಟೋಯ್ತು, ಮಾರನೇ ದಿನ ಕೆಲಸ ಒಪ್ಪಿಸ್ಲೇಬೇಕು, ಕೊರಿಯರ್ ಬರೋವರೆಗೂ ಕಾಯೋಕಾಗಲ್ಲ. ಹತ್ತಿರದ ಅಂಗಡೀಲಿ ಯಾವ ಸಾಮಾನು ಸಿಗುತ್ತೆ ಅಂತ ತೋರ್ಸುತ್ತಲ್ಲ ಆ ಸರ್ಚ್‌ನಲ್ಲಿ ಮಾಡೆಲ್ ನಂಬರ್ ಸಮೇತ ಹಾಕ್ದೆ, 19.5 ವೋಲ್ಟ್, 65 ವ್ಯಾಟ್, 4.5 ಮಿಲಿಮೀಟರ್ ಪಿನ್. 'ಸ್ಟಾಕ್ ಇದೆ, ಇವತ್ತೇ ಪಿಕಪ್' ಅಂತ ಹಸಿರು ಅಕ್ಷರದಲ್ಲಿ ಬಂತು. ಫೋಟೋ ಇದೆ, ರೇಟಿದೆ, ಎಷ್ಟೊತ್ತಿನವರೆಗೆ ಬಾಗಿಲು ತೆಗೆದಿರುತ್ತೆ ಅಂತಾನೂ ಇದೆ. ಇಷ್ಟಿದ್ಮೇಲೆ ಯಾರು ತಾನೇ ಅನುಮಾನ ಪಡ್ತಾರೆ?

ಕೌಂಟರ್ ಹುಡುಗ ನನ್ನ ಫೋನ್ ಸರಿಯಾಗಿ ನೋಡ್ಲೂ ಇಲ್ಲ. "ಆ ಮಾಡೆಲ್ ಬರ್ತಾನೇ ಇಲ್ಲ ಮೇಡಂ." ನಿಮ್ಮಂಗಡಿ ಹೆಸರಲ್ಲೇ ಇದೆ ಅಂತ ಬರ್ತಿದೆಯಲ್ಲಪ್ಪ ಅಂದ್ರೆ, "ಆನ್‌ಲೈನ್‌ನಲ್ಲಿ ಹಂಗೇ ತೋರ್ಸುತ್ತೆ." ಹಂಗೇ ತೋರ್ಸುತ್ತಂತೆ! ಯಾರು ಹಾಕಿದ್ದು ಅದನ್ನ, ನಾನಾ? ನಿಮ್ಮ ಕಂಪ್ಯೂಟರ್‌ನಲ್ಲೇ ನೋಡಿ ಅಂತ ಪಟ್ಟು ಹಿಡಿದೆ, ನೋಡಿದ್ರೆ ಅಲ್ಲೂ ಒಂದಿದೆ ಅಂತಾನೇ ಇತ್ತು. ಆಮೇಲೆ ಮ್ಯಾನೇಜರ್ ಬಂದು, ಅದು ರಿಟರ್ನ್ ಬಂದಿರೋ ಕೆಟ್ಟ ಪೀಸು, ಲೆಕ್ಕದಿಂದ ತೆಗ್ದಿಲ್ಲ, "ನೀವು ಒಂದ್ ಫೋನ್ ಮಾಡ್ಕೊಂಡು ಬರ್ಬೇಕಿತ್ತು" ಅಂತ ನನಗೇ ಬುದ್ಧಿ ಹೇಳಿದ್ರು, ಹಿಂದೆ ಕ್ಯೂನಲ್ಲಿದ್ದೋರೆಲ್ಲ ನೋಡ್ತಿದ್ರು. ಅಲ್ಲಿ ಕೊಟ್ಟಿದ್ದ ನಂಬರ್‌ಗೆ ಮಾಡಿದ್ದೆ ಸ್ವಾಮಿ, ಎತ್ತಿದ್ರೆ ತಾನೆ!

ಅಷ್ಟಕ್ಕೇ ಬಿಡ್ಲಿಲ್ಲ. ಅದೇ ಹುಡುಗ 45 ವ್ಯಾಟ್‌ದು ತಂದು ಮುಂದಿಟ್ಟು "ಎಲ್ರೂ ಇದನ್ನೇ ತಗೊಂಡು ಹೋಗ್ತಾರೆ, ಏನೂ ಆಗಲ್ಲ" ಅಂದ. ಏನೂ ಆಗಲ್ವಾ? 65 ಬೇಕಿರೋ ಲ್ಯಾಪ್‌ಟಾಪ್‌ಗೆ 45 ಹಾಕಿದ್ರೆ ಚಾರ್ಜ್ ಆಮೆ ಥರ ಏರುತ್ತೆ, ಭಾರಿ ಕೆಲಸ ಮಾಡ್ತಿದ್ರೆ ವೈರ್ ಸಿಗಿಸಿದ್ರೂ ಬ್ಯಾಟರಿ ಇಳೀಬಹುದು. ಆಗ ನನಗೆ ರಕ್ತ ಕುದ್ದೋಯ್ತು. ಇವ್ರಿಗೆ ನಾವು ಅಂಗಡಿ ಒಳಗೆ ಬಂದ್ರೆ ಸಾಕು, ಬಂದ್ಮೇಲೆ ಏನೋ ಒಂದು ತಲೆಗೆ ಕಟ್ಟೋದು.

ಸರ್ಚ್ ನಡೆಸೋರಿಗೂ ಕಂಪ್ಲೇಂಟ್ ಹಾಕ್ದೆ. ಬಂದ ಉತ್ತರ: "ಸ್ಟಾಕ್ ಮಾಹಿತಿಯನ್ನು ಮಾರಾಟಗಾರರು ಒದಗಿಸುತ್ತಾರೆ." ಅಂಗಡಿಯವ್ರು ಆನ್‌ಲೈನ್ ಅಂತಾರೆ, ಆನ್‌ಲೈನ್‌ನೋರು ಅಂಗಡಿ ಅಂತಾರೆ, ಮಧ್ಯ ನಾವು. ವಿಷಯ ಏನಪ್ಪಾ ಅಂದ್ರೆ ಯಾರೂ ಶೆಲ್ಫ್ ನೋಡಿ ಹೇಳೋದಲ್ಲ ಅದು. ಅಂಗಡಿಯವ್ರು ಬಿಲ್ಲಿಂಗ್ ಲೆಕ್ಕದ ಫೈಲ್ ಕಳಿಸ್ತಾರೆ, ಎಷ್ಟೋ ಕಡೆ ದಿನಕ್ಕೊಂದೇ ಸಲ. ಬೆಳಿಗ್ಗೆ ಖಾಲಿಯಾಗಿದ್ದು ಸಂಜೆವರೆಗೂ 'ಇದೆ'. ಕಳುವಾಗಿದ್ದು, ಒಡೆದಿದ್ದು, ಡಿಸ್‌ಪ್ಲೇಗೆ ಇಟ್ಟಿದ್ದು, ಎಲ್ಲಾ 'ಇದೆ'.

ಹೋಗೋ ಮುಂಚೆ ಅಂಗಡಿಯವ್ರನ್ನ ಫೋನ್‌ನಲ್ಲಿ ಹಿಡೀರಿ. ಸುಮ್ನೆ "ಇದೆಯಾ" ಅಂತ ಕೇಳ್ಬೇಡಿ, ಅವ್ರೂ ಅದೇ ಸ್ಕ್ರೀನ್ ನೋಡಿ ಹೂಂ ಅಂತಾರೆ. ಪೀಸ್ ಕೈಗೆ ತಗೊಂಡು ಲೇಬಲ್ ಮೇಲಿನ ನಂಬರ್ ಓದಿ ಅನ್ನಿ, ನಿಮ್ಮ ಹೆಸರಲ್ಲಿ ಎತ್ತಿಡಿಸಿ, ಮಾತಾಡಿದೋರ ಹೆಸರು ಬರ್ಕೊಳ್ಳಿ. ಫೋನೇ ಎತ್ತದ ಅಂಗಡಿಗೆ ಹೋಗ್ಲೇಬೇಡಿ, ಸ್ಕ್ರೀನ್ ಏನು ಬೇಕಾದ್ರೂ ಹೇಳ್ಲಿ.